ಖಾಲಿ ಸೀಟು ಕುಡಿಯುವ ಗ್ಯಾಸು

ವ್ಯಾನಕ್ಕ ಬರಿಗಾಲಲ್ಲಿ ಗಾಡಿ ಓಡಿಸುತ್ತಿದ್ದರು. ಹತ್ತಿ ಕೂತ ಕೂಡಲೇ ಚಪ್ಪಲಿ ಬಿಚ್ಚಿ ಸೀಟಿನ ಪಕ್ಕಕ್ಕೆ ಸರಿಸುವರು. ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿರುತ್ತಿತ್ತು. ಹೆಬ್ಬೆರಳು ಮತ್ತು ಪಕ್ಕದ ಕಾಲುಂಗುರದ ಬೆರಳು ಮಾತ್ರ ಆಕ್ಸಿಲರೇಟರ್ ಮೇಲೆ, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಹಿಮ್ಮಡಿಯ ಅಂಚಿನಲ್ಲಿ ಚರ್ಮ ಕಪ್ಪಾಗಿ ಗಟ್ಟಿ ಕಟ್ಟಿತ್ತು. ಹಬ್ಬದ ದಿನ ಅರಿಶಿನ ಹಚ್ಚಿದರೂ ಅಷ್ಟು ಜಾಗ ಹಳದಿಯಾಗುತ್ತಿರಲಿಲ್ಲ.

"ಚಪ್ಪಲಿ ಹಾಕ್ಕೊಂಡ್ರೆ ಎಷ್ಟು ತುಳೀತಿದೀನಿ ಅಂತ ಕಾಲಿಗೆ ಗೊತ್ತಾಗಲ್ಲಮ್ಮ," ಎಂದಿದ್ದರು, ಏಕೆಂದು ನಾನು ಕೇಳಿದಾಗ. "ಕಾಲಿಗೆ ಗೊತ್ತಾಗದೆ ಹೋದ್ರೆ ಟ್ಯಾಂಕಿಗೆ ಗೊತ್ತಾಗ್ತದೆ."

ಶಿಡ್ಲಘಟ್ಟದಲ್ಲಿ ಅವರ ಮನೆ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ. ಗಂಡ ಶಾಲಾಮಕ್ಕಳನ್ನು ಸಾಗಿಸಲೆಂದು ಹಳೆಯದೊಂದು ಬಿಳಿ ವ್ಯಾನು ಕೊಂಡಿದ್ದರಂತೆ. ಆದರೆ ಅವರಿಗೆ ಬೆಳಿಗ್ಗೆ ಬೇಗ ಏಳುವುದೂ ಆಗದು, ಮಕ್ಕಳ ಗಲಾಟೆಯೂ ಆಗದು. ಕೊನೆಗೆ ಅವರು ಒಂದು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು, ಇವರು ಲೈಸೆನ್ಸ್ ಮಾಡಿಸಿಕೊಂಡು ಸ್ಟಿಯರಿಂಗ್ ಹಿಡಿದು ಮಕ್ಕಳಿಗೆಲ್ಲ ವ್ಯಾನಕ್ಕ ಆದರು. ಭಾನುವಾರ ವ್ಯಾನು ತೊಳೆಯುವ ಕೆಲಸ ಗಂಡನದ್ದು. ಯಾರಾದರೂ ಬೀದಿಯಲ್ಲಿ ನಿಂತು ನೋಡಿದರೆ, "ಅವಳು ಡ್ರೈವರು, ನಾನು ಕ್ಲೀನರು. ಸಂಬಳ ಕೇಳಿದ್ರೆ ಮುದ್ದೆ ಕೊಡ್ತಾಳೆ," ಎಂದು ತಾವೇ ಮೊದಲು ನಕ್ಕುಬಿಡುತ್ತಿದ್ದರು.

ನಮ್ಮ ಊರು ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ರಸ್ತೆಯಲ್ಲಿ, ಒಳಕ್ಕೆ ತಿರುಗಿದರೆ ಸಿಗುತ್ತದೆ. ನಾನು ಹುಟ್ಟಿ ಬೆಳೆದದ್ದು ಚಿಂತಾಮಣಿಯಲ್ಲಿ. ಅಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳು. ಮದುವೆಯಾಗಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಎರಡು ಹಸು ಇರುವ ಈ ಮನೆಗೆ ಬಂದೆ. ಮಗಳಿಗೆ ಆರು ವರ್ಷ ತುಂಬುವ ಹೊತ್ತಿಗೆ ಅವಳನ್ನು ಎಲ್ಲಿ ಓದಿಸುವುದೆಂಬ ಮಾತು ಬಂತು. ನಾನು ಓದಿದಂಥ ಶಾಲೆ ಶಿಡ್ಲಘಟ್ಟದಲ್ಲೂ ಇತ್ತು. ಹೋಗಿಬರುವುದಕ್ಕೆ ದಾರಿ ಇರಲಿಲ್ಲ. ಬೆಳಗಿನ ಬಸ್ಸು ತೀರ ಮುಂಚೆ, ಸಂಜೆಯದು ತೀರ ತಡ. ನಮ್ಮ ಯಜಮಾನರ ಸೊಸೈಟಿ ಕೆಲಸ ಸಾದಲಿಯಲ್ಲಿ. ಅವರ ಬೈಕು ಹೋಗುವುದು ಎದುರು ದಿಕ್ಕಿಗೆ.

"ನಿನ್ನ ತವರಲ್ಲೇ ಬಿಡಮ್ಮ," ಎಂದರು ಮಾವ. "ನೀನು ಓದಿದ ಕಾನ್ವೆಂಟೇ ಐತೆ. ಅಣ್ಣ ಅತ್ತಿಗೆ ಚೆನ್ನಾಗಿ ನೋಡ್ಕೋತಾರೆ."

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಣ್ಣ ಅತ್ತಿಗೆ ನಿಜಕ್ಕೂ ಒಳ್ಳೆಯವರು. ನನಗೂ ವಾದ ಮಾಡಲು ಏನೂ ತೋಚಲಿಲ್ಲ. ಮಗಳು ರಾತ್ರಿ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದಳು, ಅಷ್ಟೇ. ಅದನ್ನು ಯಾರ ಮುಂದೆ ಹೇಳುವುದು?

ಆಗ ವ್ಯಾನಕ್ಕ ಬೆಳಿಗ್ಗೆ ಎರಡು ಸುತ್ತು ಹೊಡೆಯುತ್ತಿದ್ದರು. ಮೊದಲನೆಯದು ಸಾದಲಿ ರಸ್ತೆಯ ಹಳ್ಳಿಗಳಿಗೆ, ಎರಡನೆಯದು ಶಿಡ್ಲಘಟ್ಟದೊಳಗೆ. ಮೊದಲ ಸುತ್ತು ನಮ್ಮ ಊರಿಗಿಂತ ಒಂದು ಊರು ಹಿಂದೆಯೇ ತಿರುಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ಅವರ ಮನೆಗೇ ಹೋದೆ. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಸೆರಗಿನ ವಿಷಯವನ್ನು ಅವರಿಗೆ ಮಾತ್ರ ಹೇಳಿದೆ. ಏಕೆಂದು ನನಗೆ ಈಗಲೂ ಗೊತ್ತಿಲ್ಲ.

"ನಿಮ್ಮೂರ ದಾರಿ ಏರು ಕಣಮ್ಮ," ಎಂದರು. "ಪೆಟ್ರೋಲಲ್ಲಿ ಒಂದು ಮಗೂಗೋಸ್ಕರ ಅಲ್ಲಿಗೆ ಬಂದ್ರೆ ಪೂರ್ತಿ ಕೈಯಿಂದ ಹೋಗ್ತದೆ. ಆದ್ರೆ ನಾನು ಗ್ಯಾಸ್ ಕಿಟ್ ಹಾಕಿಸ್ತಾ ಇದೀನಿ. ಗ್ಯಾಸು ಅಗ್ಗ. ಆಮೇಲೆ ನಿಮ್ಮೂರು ನಂಗೆ ದೂರ ಅಲ್ಲ. ದಸರಾ ರಜೆ ತನಕ ಓಡಿಸಿ ನೋಡಣ. ಸರಿಹೋದ್ರೆ ಹೂಂ, ಇಲ್ದಿದ್ರೆ ಇಲ್ಲ. ಆಗ ಬೇಜಾರು ಮಾಡ್ಕೋಬಾರ್ದು, ಕಾನ್ವೆಂಟಮ್ಮ."

ಆವತ್ತಿನಿಂದ ನಾನು ಕಾನ್ವೆಂಟಮ್ಮ ಆದೆ. ಮನೆಯಲ್ಲೂ ಹಾಗೇ ಗೊತ್ತುಮಾಡಿಕೊಂಡೆವು. ದಸರಾಕ್ಕೆ ವ್ಯಾನಕ್ಕ ಇಲ್ಲ ಎಂದರೆ ಮಗಳು ರಜೆಗೆ ಚಿಂತಾಮಣಿಗೆ ಹೋದವಳು ಅಲ್ಲೇ ಉಳಿಯುವುದು.

ಗ್ಯಾಸ್ ಕಿಟ್ ಬಂತು. ಹಿಂದಿನ ಸೀಟಿನ ಬೆನ್ನಿಗೆ ಒಂದು ಗುಂಡನೆಯ ಟ್ಯಾಂಕು ಕೂತಿತು. ಬ್ಯಾಗು ಇಡುತ್ತಿದ್ದ ಜಾಗ ಹೋಯಿತು. ಮುಂದೆ ಒಂದು ಸಣ್ಣ ಸ್ವಿಚ್ಚು, ಒಂದು ಕಡೆ ಒತ್ತಿದರೆ ಪೆಟ್ರೋಲು, ಇನ್ನೊಂದು ಕಡೆಗೆ ಗ್ಯಾಸು. ಬೆಳಿಗ್ಗೆ ಪೆಟ್ರೋಲಲ್ಲೇ ಶುರು ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸ್ವಿಚ್ಚು ತಿರುಗಿಸುವರು. ಆ ವ್ಯಾನಿನಲ್ಲಿ ಇಂಜಿನ್ ಇದ್ದದ್ದು ಮುಂದಿನ ಸೀಟಿನ ಕೆಳಗೇ. ಹಾಗಾಗಿ ಚಳಿಗಾಲದಲ್ಲಿ ಮುಂದಿನ ಸೀಟಿಗೆ ಜಗಳ, ಬೇಸಿಗೆಯಲ್ಲಿ ಅದೇ ಸೀಟು ಬೇಡವೆಂದು ಜಗಳ.

"ವ್ಯಾನಕ್ಕಾ, ಇದು ಅನ್ನ ಮಾಡೋ ಗ್ಯಾಸಾ?" ಎಂದು ಒಬ್ಬ ಪುಟ್ಟ ಹುಡುಗ ಕೇಳಿದ್ದ.

"ಅದರ ತಮ್ಮ ಕಣಪ್ಪ. ಅದು ಮನೇಲಿರ್ತದೆ, ಇದು ರೋಡಲ್ಲಿ ತಿರುಗ್ತದೆ. ನಿನ್ನ ಥರ."

ಇಂಧನದ ಲೆಕ್ಕವನ್ನು ಅವರು ಎಲ್ಲೂ ಬರೆದಿಡುತ್ತಿರಲಿಲ್ಲ. ಗ್ಯಾಸು ತುಂಬಿಸಿದ ಮಾರನೆಯ ಬೆಳಿಗ್ಗೆ ಕಿಲೋಮೀಟರಿನ ಅಂಕಿಯನ್ನು ಮುಂದಿನ ಸೀಟಿನ ಮಕ್ಕಳಿಗೆ ಒಪ್ಪಿಸಿಬಿಡುವರು. "ನೆನಪಿಟ್ಕೊಳ್ರೋ. ಮರೆತೋರು ಹಿಂದಿನ ಸೀಟು." ಮಕ್ಕಳು ಅದನ್ನು ಮಗ್ಗಿಯ ಹಾಗೆ ಕೂಗುತ್ತಾ ಹೋಗುತ್ತಿದ್ದವು. ನನ್ನ ಮಗಳು ದೊಡ್ಡ ಸಂಖ್ಯೆ ಓದಲು ಕಲಿತದ್ದು ಶಾಲೆಗಿಂತ ಮೊದಲು ಆ ಮೀಟರಿನಲ್ಲಿ. ಬಾಗಿಲಿಗೆ ರಂಗೋಲಿ ಬಿಡುತ್ತಿದ್ದ ನನ್ನ ಪಕ್ಕ ನಿಂತು, "ಅಮ್ಮಾ, ಮೊನ್ನೆಗಿಂತ ಬೇಗ ಮುಗೀತಂತೆ ಗ್ಯಾಸು," ಎಂದು ವರದಿ ಒಪ್ಪಿಸುವಳು. ತನ್ನ ವಿಷಯವೇ ಅದರಲ್ಲಿದೆ ಎಂದು ಅವಳಿಗೆ ತಿಳಿಯದು. ನನ್ನ ಕೈಯ ಪುಡಿ ಚುಕ್ಕಿ ತಪ್ಪಿ ಬೀಳುತ್ತಿತ್ತು.

ಗ್ಯಾಸು ಬೇಗ ಮುಗಿಯುತ್ತಿದ್ದದ್ದು ನಿಜ. ವ್ಯಾನಕ್ಕ ಮಾಡಿದ ಪ್ರಯೋಗಗಳು ಒಂದೆರಡಲ್ಲ. ವ್ಯಾನಿನ ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್ ಇತ್ತು, ಬೇಸಿಗೆ ರಜೆಯಲ್ಲಿ ಯಾರದಾದರೂ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿ ತಟ್ಟೆ ಸಾಗಿಸಲು. "ಗಾಳಿಗೆ ಎದೆ ಕೊಟ್ಕೊಂಡು ಹೋಗ್ತದೆ, ಇದಕ್ಯಾಕೆ ನಾನು ಗ್ಯಾಸು ಸುಡ್ಲಿ?" ಎಂದು ಅದನ್ನು ಬಿಚ್ಚಿಸಿ ನಮ್ಮ ಅಂಗಳದಲ್ಲೇ ಇಳಿಸಿಹೋದರು. ಅತ್ತೆ ಅದರ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದರು. ಟೈರಿನ ಗಾಳಿಯನ್ನು ವಾರವಾರ ನೋಡಿಸುವರು. ನಮ್ಮ ಊರಿನ ಮಣ್ಣುದಾರಿಯ ಧೂಳು ಕುಡಿದ ಏರ್ ಫಿಲ್ಟರನ್ನು ಸೀಟೆತ್ತಿ ಹೊರತೆಗೆದು, ಕಲ್ಲುಕಂಬಕ್ಕೆ ಮೆಲ್ಲಗೆ ತಟ್ಟಿ ಕೊಡವುವರು. "ಇದಕ್ಕೆ ಮೂಗು ಕಟ್ಟಿದ್ರೆ ಹೊಟ್ಟೆಬಾಕ ಆಗ್ತದೆ," ಎನ್ನುವರು.

ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಇಂಧನ ಉಳಿಯುತ್ತದೆಂದು ಯಾರೋ ಡ್ರೈವರು ಹೇಳಿಕೊಟ್ಟನಂತೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. "ಹಗ್ಗ ಬಿಚ್ಚಿ ಹೋರಿ ಹೊಡ್ಕೊಂಡು ಹೋಗ್ತಾರಾ?" ಎಂದು ಕೇಳಿ ಅವನನ್ನು ಕಳಿಸಿದರಂತೆ.

ಅವರಿಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ತಾಯಂದಿರ ಮೇಲೆ. ಹಾರ್ನ್ ಕೇಳಿದ ಮೇಲೆ ಷೂ ಹುಡುಕುವ ಮನೆಗಳ ಮೇಲೆ. "ನಿಂತ ಇಂಜಿನ್ ಎಷ್ಟು ಉಂಡ್ರೂ ಒಂದು ಹೆಜ್ಜೆ ಮುಂದಕ್ಕೆ ಹೋಗಲ್ಲ. ನಿಮ್ಮ ಮಗ ಟಿಫನ್ ತಿನ್ನೋ ತನಕ ನನ್ನ ವ್ಯಾನೂ ಟಿಫನ್ ತಿಂತದೆ, ಗೊತ್ತಾ?" ಎಂದು ಬೀದಿಗೆ ಕೇಳುವ ಹಾಗೆ ಹೇಳುವರು. ಹೇಳುತ್ತಲೇ ಇಂಜಿನ್ ಆಫ್ ಮಾಡುವರು. ಆ ಮನೆಯ ಹುಡುಗನ ಬಿಚ್ಚಿದ ಷೂ ಲೇಸನ್ನು ತಾವೇ ಬಗ್ಗಿ ಕಟ್ಟುವರು.

ದಸರಾಕ್ಕೆ ಇನ್ನು ವಾರವಿರುವಾಗ ಒಂದು ಸಂಜೆ ಮಕ್ಕಳನ್ನು ಇಳಿಸಿದವರು ವ್ಯಾನು ತಿರುಗಿಸಲಿಲ್ಲ. ಬಂದು ನಮ್ಮ ಜಗಲಿಯ ಮೇಲೆ ಕೂತರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಕಾಫಿ ತಂದುಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡದೆ ಹೇಳಿದರು:

"ಆಗಲ್ಲಮ್ಮ."

"ಯಾಕಕ್ಕಾ, ಏನಾಯ್ತು?" ಎಂದೆ.

"ನಾನೇ ತಪ್ಪು ಲೆಕ್ಕ ಹಾಕ್ಕೊಂಡುಬಿಟ್ಟೆ," ಎಂದರು. "ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಓಡ್ತಿತ್ತೋ ಲೀಟರ್ ಗ್ಯಾಸಿಗೂ ಅಷ್ಟೇ ಓಡ್ತದೆ ಅಂದ್ಕೊಂಡೆ. ಓಡಲ್ಲ. ಗ್ಯಾಸಲ್ಲಿ ಅಷ್ಟು ಕಸುವು ಇಲ್ವಂತೆ. ಅದೂ ನಿಮ್ಮೂರ ಏರಲ್ಲಿ ಸೆಕೆಂಡ್ ಗೇರಿಂದ ಮೇಲಕ್ಕೆ ಏಳೋದೇ ಇಲ್ಲ. ಇನ್ನು ಗ್ಯಾಸ್ ಬಂಕು ಇರೋದು ಚಿಕ್ಕಬಳ್ಳಾಪುರದಲ್ಲಿ. ತುಂಬಿಸಕ್ಕೆ ಅಲ್ಲಿ ತನಕ ಹೋಗಿಬರೋದು ನಾನು ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಸರಿಪೋಯಿಂದಿ!"

ಕೊನೆಯ ತೆಲುಗು ಮಾತು ಅವರಿಗೆ ಅವರೇ ಬೈದುಕೊಂಡದ್ದು. ಎಲ್ಲ ಕೆಟ್ಟಿತು ಎನ್ನುವಾಗ ನಮ್ಮ ಕಡೆ ಹಾಗೇ ಹೇಳುವುದು.

ಒಳಗಿನಿಂದ ಅತ್ತೆ ಬಂದು ಹೊಸಿಲ ಮೇಲೆ ಕೂತರು. ಕೈಯಲ್ಲಿ ಅಲಸಂದೆಕಾಯಿ ಮೊರ. "ಹಂಗನ್ನು. ಹುಣಸೆ ಕೊರಡು ಒಂದು ಹೊರೆ, ಹಿಪ್ಪುನೇರಳೆ ಕಡ್ಡಿ ಒಂದು ಹೊರೆ. ಹೊರೆ ಎರಡೂ ಒಂದೇ, ಉರಿಯೋದು ಒಂದೇನಾ?"

"ಅದೇ ಕಣಮ್ಮ. ನಾನು ಕಡ್ಡಿ ತಗೊಂಡು ಕೊರಡಿನ ಲೆಕ್ಕ ಹಾಕ್ದೆ."

ಮಾವ ಅಲ್ಲಿಯವರೆಗೆ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸರಸರ ಅಡುಗೆಮನೆಗೆ ಹೋಗಿ, ನಾವು ಹೆಚ್ಚಿಗೆ ಇಟ್ಟುಕೊಂಡಿದ್ದ ತುಂಬಿದ ಸಿಲಿಂಡರನ್ನು ಉರುಳಿಸಿಕೊಂಡು ಜಗಲಿಗೇ ತಂದುಬಿಟ್ಟರು. ಕೆಂಪು ಬಣ್ಣದ, ಕುಂಕುಮವಿಟ್ಟ ಸಿಲಿಂಡರು.

"ತಗೊಂಡೋಗಮ್ಮ. ಪೇಟೇಲಿ ಇದನ್ನ ವ್ಯಾನಿಗೆ ತುಂಬಿಸಿಕೊಡೋರು ಅವ್ರೆ. ತಿಂಗಳಿಗೊಂದು ನಾನೇ ಕೊಡ್ತೀನಿ. ನಾವು ಸೌದೆ ಒಲೇಲಿ ಮಾಡ್ಕೋತೀವಿ. ಚಿಕ್ಕಬಳ್ಳಾಪುರಕ್ಕೆ ಹೋಗೋ ತಾಪತ್ರಯಾನೂ ಇಲ್ಲ."

ಮಾವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಮೊಮ್ಮಗಳನ್ನು ತವರಿಗೆ ಕಳಿಸೆಂದವರು ಇವರೇ ಎಂದು ಆ ಕ್ಷಣ ನಂಬುವ ಹಾಗಿರಲಿಲ್ಲ. ನನ್ನ ಮನಸ್ಸೂ ಒಮ್ಮೆ ಸಿಲಿಂಡರಿನ ಕಡೆಗೆ ಹೋಯಿತು. ಊರಲ್ಲಿ ಎಷ್ಟು ಗಾಡಿಗಳು ಹಾಗೇ ಓಡುತ್ತಿದ್ದವು.

ವ್ಯಾನಕ್ಕ ಲೋಟ ಕೆಳಗಿಟ್ಟರು.

"ಬೇಡ ಅಪ್ಪಾಜಿ. ಇದು ಅಡಿಗೆಮನೇಲಿ ಒಂದು ಕಡೆ ನಿಂತಿರಕ್ಕೆ ಮಾಡಿರೋದು. ಇದನ್ನ ಮಕ್ಕಳ ಬೆನ್ನ ಹಿಂದೆ ಕುಣಿಸ್ಕೊಂಡು ಹೋಗಕ್ಕೆ ಆಗಲ್ಲ. ಇದರಿಂದ ಅದಕ್ಕೆ ಬಗ್ಗಿಸೋವಾಗ ಒಂದು ಕಿಡಿ ಸಾಕು."

"ಎಲ್ಲಾರೂ ಹಾಕ್ತಾರಲ್ಲಮ್ಮ?"

"ಎಲ್ಲಾರ ಗಾಡೀಲಿ ನಿಮ್ಮ ಮೊಮ್ಮಗಳು ಕೂರಲ್ಲ, ಅಪ್ಪಾಜಿ."

ಮಾವ ಸಿಲಿಂಡರಿನ ತಲೆಯ ಮೇಲೆ ಕೈಯಿಟ್ಟರು. "ಪೋನೀಲೆ," ಎಂದು ಅದನ್ನು ಮತ್ತೆ ಒಳಕ್ಕೆ ಉರುಳಿಸಿಕೊಂಡು ಹೋದರು. ಹೋಗಲಿ ಬಿಡು ಎಂದು ಅದರರ್ಥ. ಆದರೆ ಅವರಿಗೆ ಬೇಸರವಾಗಿತ್ತು. ಆ ರಾತ್ರಿ ಮುದ್ದೆ ಅರ್ಧಕ್ಕೇ ಎದ್ದರು.

ವ್ಯಾನಕ್ಕ ಹೊರಡಲೆಂದು ಜಗಲಿಯಿಂದ ಎದ್ದರು. ಆಗ ಅತ್ತೆ ಅಲಸಂದೆಕಾಯಿ ಬಿಡಿಸುತ್ತಲೇ ಕೇಳಿದರು: "ಅಲ್ಲಮ್ಮ, ಬೆಳಿಗ್ಗೆ ನಮ್ಮೂರಿಂದ ಹೊರಡೋವಾಗ ಗಾಡೀಲಿ ಯಾರ್ಯಾರು ಇರ್ತಾರೆ?"

"ಯಾರಿರ್ತಾರೆ, ನಿಮ್ಮ ಮೊಮ್ಮಗಳು. ಮುಂದಿನೂರಲ್ಲಿ ಇಬ್ಬರು ಹತ್ತುತಾರೆ. ಮಿಕ್ಕಿದ್ದು ಖಾಲಿ."

"ಒಬ್ಬರಿಗೆ ಅನ್ನ ಮಾಡಿದ್ರೂ ಒಲೆ ಹಚ್ಚಲೇಬೇಕು, ಮನೆಮಂದಿಗೆಲ್ಲಾ ಮಾಡಿದ್ರೂ ಹಚ್ಚಲೇಬೇಕು. ನೀನು ಸೌದೆ ಯಾವುದು ಅಂತ ನೋಡ್ತಿದೀಯ. ಪಾತ್ರೆ ನೋಡು."

ವ್ಯಾನಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಆಮೇಲೆ ನಕ್ಕರು. ಅವರ ಹಲ್ಲಿನ ಸಾಲಿನಲ್ಲಿ ಪಕ್ಕದ್ದೊಂದು ಇರಲಿಲ್ಲವೆಂದು ನಾನು ಮೊದಲು ಗಮನಿಸಿದ್ದು ಆಗಲೇ. "ಪೆಟ್ರೋಲಾಗ್ಲಿ ಗ್ಯಾಸಾಗ್ಲಿ, ಖಾಲಿ ಸೀಟು ಕುಡಿಯೋ ಅಷ್ಟು ಯಾವುದೂ ಕುಡಿಯಲ್ಲ, ಅಲ್ವಾ ಅಮ್ಮ?" ಎಂದರು. ನನ್ನ ಕಡೆ ತಿರುಗಿ, "ಕಾನ್ವೆಂಟಮ್ಮ, ಒಂದು ವಾರ ಐತೆ. ನಿಮ್ಮೂರಲ್ಲಿ ನಂಗೆ ಮಕ್ಕಳು ಹುಡುಕಿಕೊಡು."

ನಮ್ಮ ಊರಿನ ಶಾಲೆ ಇದ್ದದ್ದು ಏಳನೆಯ ತರಗತಿಯವರೆಗೆ. ಆಮೇಲೆ ಹುಡುಗರು ಸೈಕಲ್ಲಿನಲ್ಲೋ ಯಾರದಾದರೂ ಟ್ರ್ಯಾಕ್ಟರಿನಲ್ಲೋ ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗುತ್ತಿದ್ದರು. ಹುಡುಗಿಯರು ಹೋಗುತ್ತಿರಲಿಲ್ಲ. ಸೊಪ್ಪು ಕತ್ತರಿಸುವ, ಹುಳಕ್ಕೆ ಹಾಕುವ ಕೆಲಸ ಮನೆಯಲ್ಲೇ ಇತ್ತು. ನಾನು ಆ ಊರಿಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅರಿಶಿನ ಕುಂಕುಮಕ್ಕೆ ಕರೆದ ಮನೆಗಳ ಹೊಸಿಲನ್ನಷ್ಟೇ ದಾಟಿದ್ದವಳು. ಅತ್ತೆ ಮುಂದೆ, ನಾನು ಹಿಂದೆ. ಮೊದಲ ಮನೆಯಲ್ಲಿ ಬಾಯಿಗೆ ಮಾತೇ ಬರಲಿಲ್ಲ. ಅತ್ತೆಯೇ ಹೇಳಿದರು. ಎರಡನೆಯ ಮನೆಯಲ್ಲಿ ಹುಳು ನಾಲ್ಕನೇ ಜ್ವರದಲ್ಲಿದೆ, ಈಗ ಮಾತಾಡಲು ಹೊತ್ತಿಲ್ಲ ಎಂದರು. ಪೊರೆ ಬಿಡುವ ಆ ಜ್ವರಕ್ಕೆ ಕೂತರೆ ಹುಳು ಸೊಪ್ಪು ತಿನ್ನುವುದಿಲ್ಲ, ಮನೆಯವರಿಗೆ ಅದೇ ಬಿಡುವಿನ ಹೊತ್ತೆಂದು ಅತ್ತೆಗೆ ಗೊತ್ತಿಲ್ಲವೇ? ಅಲ್ಲೇ ಕೂತುಬಿಟ್ಟರು.

ಒಂದು ಮನೆಯಲ್ಲಿ ಎಂಟನೆಯ ತರಗತಿಗೆ ಹೋಗಬೇಕಾಗಿದ್ದ ಹುಡುಗಿ ಕದದ ಹಿಂದೆ ನಿಂತಿದ್ದಳು. ಕದದ ಸಂದಿಯಲ್ಲಿ ಅವಳ ಜಡೆಯ ಟೇಪು ಮಾತ್ರ ಕಾಣುತ್ತಿತ್ತು. ಅವಳ ತಾಯಿ ಕೇಳಿದ್ದು ಒಂದೇ.

"ಡ್ರೈವರು ಯಾರು?"

"ಹೆಂಗಸು," ಎಂದೆ ನಾನು. ಆ ವಾರ ನಾನು ಧೈರ್ಯವಾಗಿ ಆಡಿದ ಮೊದಲ ಮಾತು ಅದು.

"ಆ ಬರಿಗಾಲಲ್ಲಿ ಓಡಿಸ್ತಾಳಲ್ಲ, ಅವಳಾ?"

"ಹೂಂ."

"ಬಾಯಿ ಜೋರು ಅವಳದು."

"ಜೋರೇ," ಎಂದರು ಅತ್ತೆ. "ಅದಕ್ಕೇ ಕಳಿಸು ಅನ್ನೋದು."

ಆ ತಾಯಿ ನಕ್ಕಳು. ಕದದ ಹಿಂದಿನ ಟೇಪು ಸರಕ್ಕನೆ ಒಳಗೋಡಿತು, ಪುಸ್ತಕ ಹುಡುಕಲು ಇರಬೇಕು.

ಮಗಳನ್ನು ರಜೆಗೆ ಚಿಂತಾಮಣಿಗೆ ಕರೆದುಕೊಂಡು ಹೋಗುವಾಗ ಇನ್ನೂ ಯಾವುದೂ ಇತ್ಯರ್ಥವಾಗಿರಲಿಲ್ಲ. ಒಪ್ಪಿದ ಮನೆಗಳೂ 'ನೋಡಣ' ಎಂದಿದ್ದವು. ಅವಳ ಬಟ್ಟೆಯನ್ನು ನಾನು ಎರಡು ಚೀಲದಲ್ಲಿ ತುಂಬಿಸಿದೆ. ರಜೆಗೆ ಬೇಕಾದದ್ದು ಒಂದರಲ್ಲಿ, ಮಿಕ್ಕಿದ್ದು ಇನ್ನೊಂದರಲ್ಲಿ. ಎರಡನೆಯ ಚೀಲವನ್ನು ತವರಿನ ಮಂಚದ ಕೆಳಗೆ ಇಟ್ಟು, ಅವಳಿಗೆ ಹೇಳದೆ, ಹಬ್ಬ ಮುಗಿಸಿ ಒಬ್ಬಳೇ ಊರಿಗೆ ಬಂದೆ.

ರಜೆ ಮುಗಿಯುವ ಹಿಂದಿನ ಸಂಜೆ ವ್ಯಾನಕ್ಕ ಬಂದರು. ಮಕ್ಕಳನ್ನು ಕರೆತಂದಿರಲಿಲ್ಲ, ಪಕ್ಕದಲ್ಲಿ ಗಂಡ ಕೂತಿದ್ದರು. ಊರಿನ ಹಾಲಿನ ಡೈರಿ ಮುಂದೆ ವ್ಯಾನು ನಿಲ್ಲಿಸಿ, ಹಾಲು ಹಾಕಲು ಬಂದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು: "ನಾಳೆಯಿಂದ ಇಲ್ಲೇ ನಿಲ್ಲಿಸ್ತೀನಿ. ಮನೆಮನೆಗೆ ಬರಲ್ಲ. ಮಕ್ಕಳು ನನಗಿಂತ ಮುಂಚೆ ಇಲ್ಲಿ ನಿಂತಿರ್ಬೇಕು. ಸೀಟಿಗೊಬ್ಬರು, ತೊಡೆ ಮೇಲೆ ಕೂರಿಸೋದಿಲ್ಲ. ಬರೋರು ಈಗ ಹೇಳಿ."

ಮೊದಲು ಆ ಟೇಪಿನ ಹುಡುಗಿಯ ತಾಯಿ ಹಾಲಿನ ಕ್ಯಾನು ಕೆಳಗಿಟ್ಟು ಕೈ ಎತ್ತಿದಳು, ತರಗತಿಯಲ್ಲಿ ಕೂತವಳ ಹಾಗೆ. ಅವಳ ಹಿಂದೆ ಇನ್ನೊಬ್ಬಳು. ಸೀಟುಗಳು ತುಂಬಿದವು. ಹೆಚ್ಚುಕಡಿಮೆ ಎಲ್ಲ ಹುಡುಗಿಯರೇ. ವ್ಯಾನಕ್ಕ ನನ್ನ ಕಡೆ ನೋಡಿ, "ಇನ್ನೂ ಇಲ್ಲೇ ನಿಂತಿದೀಯಲ್ಲ? ಹೋಗಿ ಕರ್ಕೊಂಡು ಬಾರಮ್ಮ ಮಗೂನ," ಎಂದು ಗದರಿದರು. ನಮ್ಮ ಯಜಮಾನರು ಕತ್ತಲಾಗುವ ಮುಂಚೆ ಬೈಕು ತೆಗೆದರು. ಮಂಚದ ಕೆಳಗಿನ ಚೀಲವನ್ನು ಮಗಳು ಕೊನೆಗೂ ನೋಡಲಿಲ್ಲ. ಅದನ್ನು ಅತ್ತಿಗೆ ಮುಂದಿನ ವಾರ ಬಸ್ಸಿನಲ್ಲಿ ಕಳಿಸಿಕೊಟ್ಟರು.

ಆಮೇಲಿನ ವರ್ಷಗಳಲ್ಲಿ ವ್ಯಾನಕ್ಕ ಆ ಹಳೆಯ ವ್ಯಾನು ಮಾರಿ ಸಿಎನ್‌ಜಿಯ ಹೊಸ ಗಾಡಿ ತೆಗೆದುಕೊಂಡರು. ಚಿಕ್ಕಬಳ್ಳಾಪುರದ ಬಂಕಿನಲ್ಲಿ ಗಾಡಿಗಳ ಸಾಲು ಉದ್ದವಿದ್ದ ದಿನ ಸೀಟಿನಲ್ಲೇ ಕೂತು ದಂಟಿನ ಸೊಪ್ಪು ಸೋಸುತ್ತಿದ್ದರಂತೆ. ಯಾರಾದರೂ ಹೊಸ ಗಾಡಿಯ ಮೈಲೇಜು ಹೊಗಳಿದರೆ, "ಪೆಟ್ರೋಲು ಲೀಟರಲ್ಲಿ ಅಳೀತಾರೆ, ಇದನ್ನ ಕೆಜೀಲಿ ತೂಗ್ತಾರೆ. ಪಾವಿನ ಲೆಕ್ಕಾನ ಸೇರಿನ ಲೆಕ್ಕಕ್ಕೆ ಹೋಲಿಸಿ ಜಂಬ ಪಡಬಾರ್ದು," ಎನ್ನುವರು. ಹಳೆಯ ತಪ್ಪು ಲೆಕ್ಕವನ್ನು ಅವರು ಮರೆತಿರಲಿಲ್ಲ. ಈಚೆಗೆ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಬೈಕು ಮೊದಲಿನಷ್ಟು ಓಡುವುದಿಲ್ಲ ಎಂದು ನಮ್ಮ ಯಜಮಾನರು ಅವರ ಮುಂದೆ ದೂರಿದಾಗ, "ಕಸುವು ಸ್ವಲ್ಪ ಕಮ್ಮಿ ಇರ್ತದಪ್ಪ. ಆದ್ರೆ ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಲ್ಲ, ಅದನ್ನ ಯಾರು ಬೆರೆಸಿದ್ರು?" ಎಂದರು. ಯಜಮಾನರು ಆ ಮಾತನ್ನು ನನಗೆ ಹೇಳಲಿಲ್ಲ. ಮಗಳು ಹೇಳಿದಳು.

ಮಾವ ವ್ಯಾನಕ್ಕನ ಮೇಲಿನ ಬೇಸರವನ್ನು ಬಹಳ ದಿನ ಇಟ್ಟುಕೊಂಡಿದ್ದರು. ಒಂದು ದಿನ ಪೇಟೆಯಲ್ಲಿ ಒಂದು ಗಾಡಿಗೆ ಮನೆಯ ಸಿಲಿಂಡರಿನಿಂದ ಗ್ಯಾಸು ಬಗ್ಗಿಸುವುದನ್ನು ನಿಂತು ನೋಡಿ ಬಂದರು. ಏನೂ ಆಗಿರಲಿಲ್ಲ. ವಾಸನೆ ಮಾತ್ರ ಬೀದಿಯ ತುಂಬ ಇತ್ತಂತೆ. ಮಾರನೆಯ ಬೆಳಿಗ್ಗೆ ತಾವೇ ಮೊಮ್ಮಗಳ ಬ್ಯಾಗು ಹಿಡಿದು ಡೈರಿಯವರೆಗೆ ಹೋದರು. ವ್ಯಾನಕ್ಕನಿಗೆ ಒಂದು ಕುಂಬಳಕಾಯಿ ಕೊಟ್ಟು ಬಂದರು. ಏನು ಮಾತಾಡಿದರೆಂದು ಕೇಳಿದೆವು. "ಏನಿಲ್ಲ, ಕುಂಬಳಕಾಯಿ ಕೊಟ್ಟೆ," ಎಂದರು.

ವ್ಯಾನಕ್ಕ ಹೋಗಿ ಈಗ ವರ್ಷವಾಗುತ್ತಾ ಬಂತು. ಒಂದು ಭಾನುವಾರ ಎದೆ ನೋಯುತ್ತದೆಂದು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಗಂಡ ಹೊರಗೆ ವ್ಯಾನು ತೊಳೆಯುತ್ತಿದ್ದರಂತೆ. ನಾವು ಹೋದಾಗ ಆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಊರಿಂದ ಬಂದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕೆಲವರ ಕಂಕುಳಲ್ಲಿ ಮಕ್ಕಳು, ಕೆಲವರ ಕೊರಳಲ್ಲಿ ಕೆಲಸದ ಜಾಗದ ಗುರುತಿನ ಚೀಟಿ. ಆ ಟೇಪಿನ ಹುಡುಗಿ ಈಗ ಗೌರಿಬಿದನೂರಿನಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಹಾಗೇ ಬಸ್ಸು ಹತ್ತಿ ಬಂದಿದ್ದಳು. ಯಾರೂ ಜೋರಾಗಿ ಅಳಲಿಲ್ಲ.

ನನ್ನ ಮಗಳು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಾಳೆ. ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಾಳೆ, ನನ್ನ ಕೈ ಬೇಕಿಲ್ಲ. ಆದರೆ ಹತ್ತನೆಯ ತರಗತಿಯ ಕೊನೆಯ ಪರೀಕ್ಷೆಯವರೆಗೂ, ಪ್ರತಿ ಬೆಳಿಗ್ಗೆ, ಹಿತ್ತಿಲ ಬಾಗಿಲಿನ ಬೆಳಕಿಗೆ ಅವಳನ್ನು ಕೂರಿಸಿಕೊಂಡು ಎಣ್ಣೆ ಹಚ್ಚಿ ಎರಡು ಜಡೆ ಹಾಕಿದವಳು ನಾನು. ಚಿಂತಾಮಣಿಯಲ್ಲಿದ್ದರೆ ಅತ್ತಿಗೆ ಹಾಕುತ್ತಿದ್ದರು, ಚೆನ್ನಾಗಿಯೇ ಹಾಕುತ್ತಿದ್ದರು. ಆದರೆ ಹಾಕಿದವಳು ನಾನು.